ಲೋಹ ಬಿಚ್ಚಿಟ್ಟು ಒಳಗೆ ಬನ್ನಿ

ಬೆಂಗಳೂರಿನ ನಿಮ್ಹಾನ್ಸ್ ಆವರಣದಲ್ಲಿರುವ ಎಂಇಜಿ (ಮ್ಯಾಗ್ನೆಟೋಎನ್ಸೆಫಲೋಗ್ರಫಿ) ಸಂಶೋಧನಾ ಕೇಂದ್ರದ ಒಳಗೆ ಹೋಗುವವರು ಮೊದಲು ಮೈಮೇಲಿನ ಲೋಹವನ್ನೆಲ್ಲ ಬಿಚ್ಚಿಡಬೇಕು. ತಾಳಿ, ಕಾಲುಂಗುರ, ಬೆಳ್ಳಿ ಉಡುದಾರ, ಸೀರೆಯ ಸೇಫ್ಟಿ ಪಿನ್ನು, ಯಾವುದಕ್ಕೂ ರಿಯಾಯಿತಿ ಇಲ್ಲ. ಮೂರ್ಛೆರೋಗದ ಫಿಟ್ಸ್ ಎಲ್ಲಿಂದ ಏಳುತ್ತದೆಂದು ಹುಡುಕುವ ಪರೀಕ್ಷೆ ಇಲ್ಲಿ ನಡೆಯುತ್ತದೆ. ಫಿಟ್ಸ್ ಬಂದವರ ಕೈಗೆ ಕಬ್ಬಿಣ ತುರುಕುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಅದರಿಂದ ಫಿಟ್ಸ್ ನಿಲ್ಲುವುದಿಲ್ಲ. ಇಲ್ಲಂತೂ ಕಬ್ಬಿಣದ ಚೂರೂ ಪರೀಕ್ಷೆಯನ್ನು ಕೆಡಿಸುತ್ತದೆ.

ಏಕೆಂದರೆ ಇಲ್ಲಿ ಅಳೆಯುವುದು ಮಿದುಳು ಹೊರಸೂಸುವ ಕಾಂತಕ್ಷೇತ್ರವನ್ನು. ಹತ್ತಾರು ಸಾವಿರ ನರಕೋಶಗಳು ಒಟ್ಟಿಗೆ ಮಿಡಿದಾಗ ಹರಿಯುವ ವಿದ್ಯುತ್ತಿನಿಂದ ಹುಟ್ಟುವ ಅದು ಭೂಮಿಯ ಕಾಂತಕ್ಷೇತ್ರದ ಸುಮಾರು ಹತ್ತು ಕೋಟಿಯಲ್ಲೊಂದು ಪಾಲು. ರಸ್ತೆಯ ಬಸ್ಸು, ಪಕ್ಕದ ಲಿಫ್ಟು ಎಲ್ಲವೂ ಅದನ್ನು ಮುಳುಗಿಸಿಬಿಡಬಲ್ಲವು. ಅದಕ್ಕೇ ಕೋಣೆಯ ಗೋಡೆಗಳಿಗೆ ನಿಕ್ಕಲ್ ಮಿಶ್ರಲೋಹ, ಅಲ್ಯೂಮಿನಿಯಂಗಳ ಪದರಗಳು. ಬಾಗಿಲೂ ಅಷ್ಟೇ ದಪ್ಪ.

ಒಳಗೆ ತಲೆಯನ್ನು ಆವರಿಸುವ ದೊಡ್ಡ ಹೆಲ್ಮೆಟ್ಟು. ಅದರಲ್ಲಿ 306 ಸಂವೇದಕಗಳು. ಅವುಗಳ ಜೀವಾಳವಾದ, ಅತಿ ಕ್ಷೀಣ ಕಾಂತಕ್ಷೇತ್ರವನ್ನೂ ಗ್ರಹಿಸುವ ಸ್ಕ್ವಿಡ್‌ಗಳು ಕೆಲಸ ಮಾಡುವುದು ಮೈನಸ್ 269 ಡಿಗ್ರಿ ಚಳಿಯ ದ್ರವ ಹೀಲಿಯಂನಲ್ಲಿ. ಎಂಆರ್‌ಐನ ಹಾಗೆ ಸದ್ದಿಲ್ಲ, ಮೈಗೆ ಏನನ್ನೂ ಹಾಯಿಸುವುದಿಲ್ಲ. ರೋಗಿ ಅಲುಗಾಡದೆ ಮಲಗಿದರಾಯಿತು. ಚಿಕ್ಕ ಮಕ್ಕಳಿಗೆ ಅದೇ ಕಷ್ಟ.

ಅಮೆರಿಕದ ಡೇವಿಡ್ ಕೋಹೆನ್ 1968ರಲ್ಲಿ ತಾಮ್ರದ ಸುರುಳಿಯಿಂದ ಮೊದಲ ಬಾರಿ ಮಿದುಳಿನ ಕಾಂತಕ್ಷೇತ್ರವನ್ನು ಅಳೆದರು. 1972ರಲ್ಲಿ ಸ್ಕ್ವಿಡ್ ಬಳಸಿದಾಗ ಅದೇ ಸಂಕೇತ ನಿಚ್ಚಳವಾಯಿತು.

ಮಿದುಳಿನ ವಿದ್ಯುತ್ ಸಂಕೇತ ಅಳೆಯುವ ಇಇಜಿ ಇರುವಾಗ ಎಂಇಜಿ ಏಕೆ? ವಿದ್ಯುತ್ ಸಂಕೇತವನ್ನು ತಲೆಬುರುಡೆ ಮಸುಕಾಗಿಸುತ್ತದೆ. ಕಾಂತಕ್ಷೇತ್ರ ಬಹುತೇಕ ಕೆಡದೆ ಹೊರಬರುತ್ತದೆ. ಹೀಗಾಗಿ ಫಿಟ್ಸ್ ಮಿದುಳಿನ ಯಾವ ಭಾಗದಿಂದ ಏಳುತ್ತಿದೆ ಎಂಬುದನ್ನು ಗುರುತಿಸಿ, ಎಂಆರ್‌ಐ ಚಿತ್ರದ ಮೇಲೆ ತೋರಿಸಬಹುದು. ಮಿದುಳಿನ ಆಳದ ಸಂಕೇತಗಳು ಮಾತ್ರ ಇದಕ್ಕೆ ಸರಿಯಾಗಿ ಸಿಗವು. ಇದೊಂದನ್ನೇ ನಂಬಿ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ಆದರೂ ಎಲ್ಲಿ ಕತ್ತರಿಸಬೇಕು, ಮಾತಿನ ಹಾಗೂ ಚಲನೆಯ ಯಾವ ಜಾಗ ಮುಟ್ಟಬಾರದು ಎಂದು ತೀರ್ಮಾನಿಸುವ ವೈದ್ಯರಿಗೆ ಇದು ದೊಡ್ಡ ಆಸರೆ ಎಂದೇ ನನ್ನ ಭಾವನೆ.

ಮೂರ್ಛೆರೋಗವಿರುವ ಸುಮಾರು ಮೂವರಲ್ಲಿ ಒಬ್ಬರಿಗೆ ಔಷಧಿ ನಾಟುವುದಿಲ್ಲ. ಸೂಕ್ತವಾದ ಎರಡು ಔಷಧಿಗಳನ್ನು ಸರಿಯಾಗಿ ತೆಗೆದುಕೊಂಡರೂ ಫಿಟ್ಸ್ ನಿಲ್ಲದವರು ನಿಮ್ಮ ಮನೆಯಲ್ಲಿದ್ದರೆ, ಹಣೆಬರಹ ಎಂದು ಕೂರಬೇಡಿ. ಶಸ್ತ್ರಚಿಕಿತ್ಸೆಗೆ ಅವಕಾಶವಿದೆಯೇ ಎಂದು ನರರೋಗ ತಜ್ಞರನ್ನು ಕೇಳಿ.