ಪುಸ್ತಕದ ಕನ್ನಡ, ಬೈಲಹೊಂಗಲದ ಕನ್ನಡ

ಪ್ರಶ್ನೆ: ಕನ್ನಡ ಓದಿಕೊಂಡು ಹೊರದೇಶದಿಂದ ಬಂದವರು ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಸವದತ್ತಿಗಳಲ್ಲಿ ಮೊದಮೊದಲು ತಡವರಿಸುವುದೇಕೆ?

ಉತ್ತರ: 'ಹೋಗುತ್ತೇನೆ' ಎಂಬುದು 'ಹೊಕ್ಕೇನಿ' ಆಗುವ ಇಲ್ಲಿನ ಆಡುಮಾತನ್ನು ವ್ಯಾಕರಣ ಪುಸ್ತಕಗಳು ಸಾಮಾನ್ಯವಾಗಿ ಕಲಿಸುವುದಿಲ್ಲ. ಆದರೆ ಪುಸ್ತಕದಾಚೆಯ ಮಾತಿಗೂ ಕಿವಿಗೊಟ್ಟ ಹೊರದೇಶದವರಿದ್ದಾರೆ: ಲಂಡನ್ನಿನಲ್ಲಿ ಸಂಸ್ಕೃತ ಓದಿ 1867ರಲ್ಲಿ ಮುಂಬಯಿ ಪ್ರಾಂತದ ಸೇವೆಗೆ ಬಂದ ಜೆ.ಎಫ್. ಫ್ಲೀಟ್, ಸವದತ್ತಿಯ ರಟ್ಟ ಅರಸರ ಶಾಸನಗಳನ್ನು, ಎಂದರೆ ಕಲ್ಲಿನಲ್ಲಿ ಕೊರೆದ ದಾನದ ದಾಖಲೆಗಳನ್ನು ಓದಿದ್ದಲ್ಲದೆ, ಡಪ್ಪು ತುಂತುಣಿಯೊಡನೆ ಹಾಡುವ ಕಥನಗೀತೆಗಳಾದ ಲಾವಣಿಗಳನ್ನೂ ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಅನುವಾದಸಹಿತ ಪ್ರಕಟಿಸಿದರು. ಕಿತ್ತೂರು ಸಂಸ್ಥಾನಕ್ಕಾಗಿ ಬ್ರಿಟಿಷರ ವಿರುದ್ಧ ಬಂಡೆದ್ದು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಹಾಡು, ಬೈಲಹೊಂಗಲ ಸೀಮೆಯ ಸಂಗ್ಯಾ ಎಂಬವನ ಹಾಡು ಅವುಗಳಲ್ಲಿವೆ. ಆಳುವವರನ್ನೇ ಎದುರಿಸಿದ ರಾಯಣ್ಣನ ಹಾಡನ್ನು ಅವರದೇ ಅಧಿಕಾರಿಯೊಬ್ಬರು ಶ್ರದ್ಧೆಯಿಂದ ಉಳಿಸಿಕೊಟ್ಟದ್ದು ನಿಜಕ್ಕೂ ದೊಡ್ಡ ಉಪಕಾರ. ಹೊಸಬರು ಪುಸ್ತಕದ ಜೊತೆಗೆ ಸವದತ್ತಿ ಎಲ್ಲಮ್ಮನ ಭಾರತ ಹುಣ್ಣಿಮೆಯ ಜಾತ್ರೆಗೂ ಹೋಗಿ ಹಾಡುಗಾರರ ಮಾತಿಗೆ ಕಿವಿಗೊಡುವುದು ಒಳ್ಳೆಯದು.