ವಿದ್ಯಾರ್ಥಿಗಳಿಂದ ವಿದ್ಯಾರ್ಥಿಗಳಿಗೆ ಪಶುಪಾಲನೆಯ ಪಾಠ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಅಡಕೆಯ ತೋಟವೂ ದನದ ಕೊಟ್ಟಿಗೆಯೂ ಒಂದನ್ನೊಂದು ಅವಲಂಬಿಸಿ ಬೆಳೆದು ಬಂದಿವೆ. ಕಾಡಿನ ಸೊಪ್ಪು, ತರಗೆಲೆಗಳು ಕೊಟ್ಟಿಗೆಯ ಹಾಸಾಗಿ, ಸಗಣಿ ಗಂಜಲಗಳೊಡನೆ ಬೆರೆತು, ತೋಟಕ್ಕೆ ಗೊಬ್ಬರವಾಗುತ್ತವೆ. ಇಂತಹ ಮನೆಯಿಂದ ಪ್ರೌಢಶಾಲೆಗೆ ಬರುವ ವಿದ್ಯಾರ್ಥಿಗೆ ದನಕರುಗಳ ವಿಷಯ ಹೊಸದಲ್ಲ. ಅವನು ಕಂಡು ಅರಿತುದಕ್ಕೆ ಕಾರಣವನ್ನು ತಿಳಿಸಿ, ಅದನ್ನು ಸಹಪಾಠಿಗಳಿಗೆ ಹೇಳಿಕೊಡುವಂತೆ ಮಾಡಿದರೆ ಇಬ್ಬರಿಗೂ ಲಾಭವುಂಟು.

ಈ ಕ್ರಮ ನಮ್ಮ ನಾಡಿಗೆ ಅಪರಿಚಿತವಲ್ಲ. ಹಿಂದಿನ ಐಗಳ ಮಠಗಳಲ್ಲಿ ಹಿರಿಯ ಮಕ್ಕಳು ಕಿರಿಯರಿಂದ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಮದ್ರಾಸಿನ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಇಂತಹ ನಾಡಶಾಲೆಗಳ ರೀತಿಯನ್ನು ಕಂಡು, ಅದನ್ನು ಅಳವಡಿಸಿಕೊಂಡು, 1797ರಲ್ಲಿ ಲಂಡನ್ನಿನಲ್ಲಿ ಅದರ ವರದಿಯನ್ನು ಪ್ರಕಟಿಸಿದನು. ಮುಂದೆ ಅದು ಮದ್ರಾಸ್ ಪದ್ಧತಿಯೆಂದೇ ಹೆಸರಾಯಿತು.

ಮಲೆನಾಡು ಗಿಡ್ಡ ಹಸುವನ್ನು ಸಾಕಿದ ಮನೆಯ ಹುಡುಗನ ಅನುಭವ ಬೇರೆ, ಮಿಶ್ರತಳಿಯ ಹಸುವನ್ನು ಸಾಕಿದ ಮನೆಯ ಹುಡುಗಿಯ ಅನುಭವ ಬೇರೆ. ಗಿಡ್ಡ ಹಸು ಗಾತ್ರದಲ್ಲಿ ಚಿಕ್ಕದು. ಗುಡ್ಡಬೆಟ್ಟಗಳಲ್ಲಿ ಮೇಯ್ದು ಅಲ್ಪ ಆಹಾರದಲ್ಲಿಯೇ ಬಾಳಬಲ್ಲದು. ಮಿಶ್ರತಳಿಯ ಹಸುವಿಗಾದರೋ ಶರೀರಪೋಷಣೆಯ ಮೇವಲ್ಲದೆ, ಪ್ರತಿ ಎರಡೂವರೆ ಲೀಟರು ಹಾಲಿಗೆ ಸುಮಾರು 1 ಕಿಲೋಗ್ರಾಂ ಪಶು ಆಹಾರ ಬೇಕು. ಭತ್ತದ ಹುಲ್ಲು ಹೊಟ್ಟೆ ತುಂಬಿಸಬಹುದು, ಆದರೆ ಅದರಲ್ಲಿ ಪ್ರೋಟೀನು ಅತ್ಯಲ್ಪ. ಹಸಿರು ಮೇವು, ಹಿಂಡಿ, ಖನಿಜ ಮಿಶ್ರಣಗಳು ಅದರ ಕೊರತೆಯನ್ನು ತುಂಬಬೇಕು. ಇವರಿಬ್ಬರೂ ಒಂದೆಡೆ ಕುಳಿತು ಮಾತನಾಡಿದರೆ ಪಾಠ ತಾನಾಗಿಯೇ ಆರಂಭವಾಗುತ್ತದೆ.

ಮಾಸು ಬೀಳುವವರೆಗೆ ಕರುವಿಗೆ ಗಿಣ್ಣುಹಾಲು ಕುಡಿಸಬಾರದೆಂಬ ನಂಬಿಕೆ ಇನ್ನೂ ಕೆಲವೆಡೆ ಉಂಟು. ಇದು ಅಪಾಯಕರ. ರೋಗನಿರೋಧಕ ದ್ರವ್ಯಗಳು ಕರುವಿಗೆ ಗರ್ಭದಲ್ಲಿ ದೊರೆಯುವುದಿಲ್ಲ, ಗಿಣ್ಣಿನಿಂದಲೇ ದೊರೆಯಬೇಕು. ಅವನ್ನು ಹೀರುವ ಶಕ್ತಿ ಕರುಳಿಗೆ ಮೊದಲ ದಿನ ಮಾತ್ರ ಇದ್ದು, ಗಂಟೆಗಂಟೆಗೂ ಕುಗ್ಗುತ್ತದೆ. ಆದುದರಿಂದ ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣು ಕುಡಿಸತಕ್ಕದ್ದು. ಈ ಒಂದು ಮಾತನ್ನು ವಿದ್ಯಾರ್ಥಿಯೊಬ್ಬ ಗೆಳೆಯನಿಗೆ ತಿಳಿಸಿದರೆ ಒಂದು ಕರುವಿನ ಜೀವ ಉಳಿದೀತು.

ಇನ್ನೊಂದು ಪಾಠ ಮನುಷ್ಯರ ಪ್ರಾಣಕ್ಕೇ ಸಂಬಂಧಿಸಿದುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಈ ಮೂರು ತಾಲ್ಲೂಕುಗಳಿಗೂ ಹಬ್ಬಿದೆ. 2024ರಲ್ಲಿಯೂ ಇಲ್ಲಿ ಕಾಣಿಸಿಕೊಂಡಿತು. ಈ ರೋಗವನ್ನು ಹರಡುವುದು ಉಣುಗು. ದನಗಳಿಗೆ ಕಾಯಿಲೆ ತಗಲದಿದ್ದರೂ ಅವುಗಳ ರಕ್ತ ಹೀರಿ ಬೆಳೆದ ಉಣುಗುಗಳು ನೆಲಕ್ಕೆ ಬಿದ್ದು ಸಾವಿರಾರು ಮೊಟ್ಟೆಗಳನ್ನಿಡುತ್ತವೆ. ಬೇಸಗೆಯಲ್ಲಿ ಕಾಡಿನಿಂದ ತರುವ ತರಗೆಲೆಯೊಡನೆ ಮರಿ ಉಣುಗುಗಳು ಕೊಟ್ಟಿಗೆಯವರೆಗೂ ಬರಬಹುದು. ದನಗಳ ಕಿವಿ, ಕೆಚ್ಚಲು, ಬಾಲದ ಬುಡಗಳನ್ನು ದಿನವೂ ಪರೀಕ್ಷಿಸುವುದು, ವೈದ್ಯರ ಸಲಹೆಯಂತೆ ಉಣುಗುನಾಶಕ ಬಳಸುವುದು, ಕಾಡಿನಿಂದ ಬಂದೊಡನೆ ಬಿಸಿನೀರಿನಲ್ಲಿ ಸ್ನಾನಮಾಡಿ ಬಟ್ಟೆ ಒಗೆಯುವುದು, ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸುವುದು, ಇವು ಪ್ರತಿಯೊಬ್ಬನಿಗೂ ಬಾಯಿಪಾಠವಾಗಿರಬೇಕು.

ಆದರೆ ಮಕ್ಕಳ ಬೋಧನೆಗೆ ಒಂದು ಮಿತಿಯೂ ಇದೆ. ಸರಿಯಾದ ತಿಳಿವಳಿಕೆಯಂತೆ ತಪ್ಪು ತಿಳಿವಳಿಕೆಯೂ ಬಾಯಿಂದ ಬಾಯಿಗೆ ಹಬ್ಬುತ್ತದೆ. ಆದುದರಿಂದ ಪಾಠವನ್ನು ಮೊದಲು ಅಧ್ಯಾಪಕರು ಇಲ್ಲವೆ ಪಶುವೈದ್ಯರು ತಿದ್ದಿಕೊಡಬೇಕು. ಹಸುವಿನ ಸಹಜ ಉಷ್ಣತೆ ಸುಮಾರು 101.5 ಡಿಗ್ರಿ ಫ್ಯಾರನ್‌ಹೀಟ್. ಅದು ಏರಿದೆಯೇ, ಮೂತಿ ಒಣಗಿದೆಯೇ, ಮೆಲುಕು ನಿಂತಿದೆಯೇ ಎಂದು ಗಮನಿಸುವುದು ವಿದ್ಯಾರ್ಥಿಯ ಕೆಲಸ. ಔಷಧಿ ನಿರ್ಧರಿಸುವುದು ವೈದ್ಯರ ಕೆಲಸ. ಕಾಲುಬಾಯಿ ರೋಗದ ಲಸಿಕೆಯ ದಿನವನ್ನು ಮನೆಯವರಿಗೆ ನೆನಪಿಸುವುದೂ ಅವನ ಕರ್ತವ್ಯವೇ.

ಹೇಳಿಕೊಡಬೇಕಾದವನು ಮೊದಲು ತಾನು ಸರಿಯಾಗಿ ಕಲಿಯಬೇಕಾಗುತ್ತದೆ. ಆ ಕಲಿಕೆ ಪರೀಕ್ಷೆಯೊಂದಿಗೆ ಮುಗಿಯದೆ, ಸಂಜೆ ಕೊಟ್ಟಿಗೆಯ ಬಾಗಿಲು ತೆರೆದಾಗ ಮತ್ತೆ ಉಪಯೋಗಕ್ಕೆ ಬರುತ್ತದೆ.