ಹಳದಿ ಮರ ನೂರಕ್ಕೆ ಎಷ್ಟು?

ಅಡಿಕೆ ತೋಟದಲ್ಲಿ ನಾಲ್ಕು ಮರ ಹಳದಿಯಾದರೆ ಸಾಕು, ಬಂದವರೆಲ್ಲ ತೀರ್ಪು ಕೊಡುತ್ತಾರೆ. ನಮ್ಮಲ್ಲಿಗೆ ಬಂದ ನೆರೆಯವರೊಬ್ಬರು ತೋಡಿನ ಬದಿಯಲ್ಲೇ ನಡೆದು ನೋಡಿ, "ತೋಟ ಅರ್ಧ ಹೋಯ್ತು ಮಾರಾಯ್ರೆ, ಕಡಿದು ಬೇರೆ ಏನಾದ್ರೂ ಹಾಕಿ" ಅಂದರು. ಕಡಿಯಲು ಹೆಚ್ಚು ದಿನ ಬೇಡ; ಮತ್ತೆ ಅಡಿಕೆ ನೆಟ್ಟು ಫಸಲು ಕಾಣಲು ಐದಾರು ವರ್ಷ ಬೇಕು. ಮೊದಲು ಎಣಿಸಿಯೇ ನೋಡೋಣ ಅನಿಸಿತು.

ಹಳದಿ ಎಲೆ ರೋಗದ ಲಕ್ಷಣ ಮಳೆಗಾಲ ಮುಗಿದ ಮೇಲೆ, ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಎದ್ದು ಕಾಣುತ್ತದೆ. ನವೆಂಬರಿನಲ್ಲಿ ಸಾಲು ಹಿಡಿದು ಹೊರಟೆವು. ಕೊನೆಗಾರ "ಹಳದಿ", "ಹಸಿರು" ಅನ್ನುತ್ತಾ ಹೋದ, ನಾನು ಪುಸ್ತಕದಲ್ಲಿ ಗೆರೆ ಎಳೆದೆ. ಎಣಿಸಿದ ಮರಕ್ಕೆ ಸುಣ್ಣದ ಗುರುತು. ಒಟ್ಟು 600 ಮರ, ಹಳದಿ 48. ಅಂದರೆ ಕಣ್ಣುಮುಚ್ಚಿ ಯಾವುದೋ ಒಂದು ಮರ ಮುಟ್ಟಿದರೆ ಅದು ಹಳದಿಯಾಗಿರುವ ಸಂಭವ, 48ನ್ನು 600ರಿಂದ ಭಾಗಿಸಿದಷ್ಟು: ನೂರಕ್ಕೆ 8. ಸಂಭವನೀಯತೆ ಎಂಬ ದೊಡ್ಡ ಶಬ್ದದೊಳಗೆ ಇರುವುದು ಇಷ್ಟೇ ಲೆಕ್ಕ.

ಆದರೆ 8ರಲ್ಲೇ ನಿಂತರೆ ಪ್ರಯೋಜನ ಕಡಿಮೆ. ತೋಡಿನ ಬದಿಯ ತಗ್ಗಿನ 200 ಮರಗಳಲ್ಲಿ ಹಳದಿ 36, ನೂರಕ್ಕೆ 18. ಮೇಲಿನ 400ರಲ್ಲಿ 12, ನೂರಕ್ಕೆ ಬರೀ 3. ಇಲ್ಲಿ ಎಡವುವವರು ಬಹಳ. ಹಳದಿಯಾದ 48ರಲ್ಲಿ 36 ತಗ್ಗಿನವು, ನೂರಕ್ಕೆ 75, ನಿಜ. ಹಾಗೆಂದು ತಗ್ಗಿನ ಮರಗಳಲ್ಲಿ ನೂರಕ್ಕೆ 75 ಕೆಟ್ಟಿವೆ ಎಂದರ್ಥ ಅಲ್ಲ. ಅಲ್ಲಿಯೂ 164 ಹಸಿರಾಗಿಯೇ ಇವೆ! ಎಷ್ಟರಿಂದ ಭಾಗಿಸಿದ್ದು ಎಂದು ಕೇಳದೆ ಯಾರ ಶೇಕಡಾ ಲೆಕ್ಕವನ್ನೂ ನಂಬಬೇಡಿ, ಸಲಹೆ ಕೊಡಲು ಬರುವವರದ್ದಂತೂ.

ಸಾವಿರಾರು ಮರ ಇದ್ದವರು ಹತ್ತಕ್ಕೊಂದು ನೋಡಿದರೂ ಅಂದಾಜು ಸಿಗುತ್ತದೆ. ಮೊದಲ ಹತ್ತರಲ್ಲಿ ಯಾವುದರಿಂದ ಶುರು ಎಂಬುದಕ್ಕೆ ಚೀಟಿ ಎತ್ತಿ. ಸಾಲಿಗೆ ಸರಿಯಾಗಿ ಹತ್ತೇ ಮರ ಇದ್ದರೆ ಮಾತ್ರ ಈ ಕ್ರಮ ಬೇಡ, ಪ್ರತಿ ಸಾಲಿನಲ್ಲೂ ಅದೇ ಜಾಗದ ಮರ ಸಿಕ್ಕೀತು. ನೆರೆಯವರ ಹಾಗೆ ತೋಡಿನ ಬದಿಯನ್ನಷ್ಟೇ ನೋಡಿದರೆ ಇಡೀ ತೋಟಕ್ಕೇ ನೂರಕ್ಕೆ 18 ಎಂಬ ಲೆಕ್ಕ ಬರುತ್ತದೆ.

ತಗ್ಗಿನ ಹಳದಿ ರೋಗದ್ದೋ, ನೀರು ನಿಂತು ಆದದ್ದೋ ಎಂಬುದು ಎಣಿಕೆಯಿಂದ ತಿಳಿಯದು. ರೋಗವಾದರೆ ಸೋಗೆಯ ಗರಿಗಳ ತುದಿಯಿಂದ ಹಳದಿ ಶುರುವಾಗುತ್ತದೆ, ನಡುನರ ಹಸಿರೇ ಉಳಿಯುತ್ತದೆ, ಅಡಿಕೆ ಒಡೆದರೆ ತಿರುಳು ಕಪ್ಪಾಗಿರುತ್ತದೆ. ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯಿಂದ ಬರುವ ಇದಕ್ಕೆ ಗುಣಪಡಿಸುವ ಮದ್ದಿಲ್ಲ. ನೀರಿನದ್ದಾದರೆ ಬಸಿಗಾಲುವೆ ಆಳ ಮಾಡಿದಾಗ ಸುಧಾರಿಸೀತು. ಕಡಿಯುವ ಮಾತು ಬಿಟ್ಟು ಸದ್ಯ ತಗ್ಗಿನ ಕಾಲುವೆ ತೆಗೆಸುತ್ತಿದ್ದೇನೆ. ಬರುವ ನವೆಂಬರಿನಲ್ಲಿ ಅದೇ ಮರಗಳನ್ನು ಅದೇ ಕೊನೆಗಾರನ ಜೊತೆ ಮತ್ತೆ ಎಣಿಸುವುದು.